ಶಿರೋಕ್ಕೊದ ದನಿ ನನ್ನದು

ಆ ಬೇಸಿಗೆಯಲ್ಲಿ ಚೆಸೆನಾತಿಕೊ ಕಡಲತೀರದ ಮರಳಿನ ಮೇಲೆ ನೆಟ್ಟಿದ್ದ ಒಂದೊಂದು ಕೊಡೆಯ ಕೆಳಗೂ ನಾನು ಹಾಡುತ್ತಿದ್ದೆ. ನಾನು ಅಂದರೆ ನನ್ನ ದನಿ. ನಾನು ಮಾತ್ರ ನಮ್ಮ ಬೀದಿಯ ಹಣ್ಣಿನಂಗಡಿಯ ಮುಂದೆ ಕಲ್ಲಂಗಡಿ ತಟ್ಟಿ ನೋಡುತ್ತ ನಿಂತಿರುತ್ತಿದ್ದೆ. ಅಂಗಡಿಯ ರೇಡಿಯೊದಲ್ಲೂ ನಾನೇ ಹಾಡುತ್ತಿದ್ದೆ. ಅಂಗಡಿಯವಳು ನನ್ನ ಮುಖ ನೋಡಿ, "ಈ ಹುಡುಗಿ ಎಷ್ಟ್ ಚೆನ್ನಾಗ್ ಹಾಡ್ತಾಳೆ ಅಲ್ವಾ ನಿವೆಸ್? ಚಿಕ್ಕವಳಿದ್ದಾಗ ನೀನೂ ಹೆಚ್ಚುಕಮ್ಮಿ ಹೀಗೇ ಹಾಡ್ತಿದ್ದೆ" ಅನ್ನುತ್ತಿದ್ದಳು. ಕಲ್ಲಂಗಡಿಯನ್ನು ಅವಳ ತಲೆಯ ಮೇಲೆ ಹಾಕೋಣ ಅನ್ನಿಸುತ್ತಿತ್ತು. ಹಾಕಲಿಲ್ಲ. ಹಣ್ಣು ಚೆನ್ನಾಗಿತ್ತು.

ನನ್ನ ಹೆಸರು ನಿವೆಸ್ ಮಂಬೆಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಜಗಳವೆಲ್ಲ ಈ ಹೆಸರಿಗಾಗಿಯೇ. ಆಗ ನನಗೆ ನಲವತ್ತಾರು. ಮದುವೆಗೆ ಮುಂಚಿನಿಂದಲೂ ನನ್ನ ಗಂಡ ಎಡ್ಮೊನ ವಾದ್ಯತಂಡದಲ್ಲಿ ಹಾಡುತ್ತಿದ್ದವಳು. ಇಟಲಿಯ ನಮ್ಮ ರೊಮಾನ್ಯಾ ಸೀಮೆಯಲ್ಲಿ ಹಿರಿಯರು ಕುಣಿಯುವುದು ವಾಲ್ಟ್ಸ್, ಪೋಲ್ಕಾ, ಮಝುರ್ಕಾ. ಕುಣಿಯುವ ಬಯಲು ಅಂಗಳಕ್ಕೆ ಬಲೇರಾ ಅನ್ನುತ್ತೇವೆ. ಎಡ್ಮೊ ಅಕಾರ್ಡಿಯನ್ ನುಡಿಸುತ್ತಿದ್ದ. ಪ್ರತಿ ಹಾಡಿಗೂ ಮುಂಚೆ ಮೈಕಿನಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ, ದ್ರಾಕ್ಷಿತೋಟದ ಆಚೆಗೂ ಕೇಳುವಂತೆ ಕೂಗುತ್ತಿದ್ದ. ಮನೆಯಲ್ಲಿ ಉಪ್ಪು ಬೇಕಾದರೂ "ಇಲ್ಲಿ ಕೇಳು" ಅನ್ನುವ ಆಸಾಮಿ, ವೇದಿಕೆಯ ಮೇಲೆ ಮಾತ್ರ ನನ್ನನ್ನು ಮಹಾರಾಣಿಯ ಹಾಗೆ ಕರೆಯುತ್ತಿದ್ದ. ಅದಕ್ಕೇ ಅವನ ಜೊತೆ ಬಾಳಿದೆ ಅಂದರೂ ತಪ್ಪಿಲ್ಲ.

ಬಲೇರಾದಲ್ಲಿ ಹಾಡುವವಳು ಕುಣಿಯುವವರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾಳೆ. ಕಾಲು ಸೋತರೆ ಚರಣವನ್ನು ಮೊಟಕು ಮಾಡಬೇಕು. ಕಾಲಿಗೆ ಹುಮ್ಮಸ್ಸು ಬಂದರೆ ಎಳೆಯಬೇಕು. ಒಂದೇ ಒಂದು ಜೋಡಿ ಇನ್ನೂ ತಿರುಗುತ್ತಿದ್ದರೂ ನಿಲ್ಲಿಸುವಂತಿಲ್ಲ. ಹಾಗೆ ನಿಲ್ಲಿಸಿದವಳನ್ನು ಮತ್ತೊಂದು ಶನಿವಾರ ಯಾರೂ ಕರೆಯುವುದಿಲ್ಲ. ಹೀಗಾಗಿ ಒಂದೇ ಹಾಡನ್ನು ಎರಡು ಸಲ ಒಂದೇ ಥರ ಹಾಡಿದವಳಲ್ಲ ನಾನು. ಅದೇ ನನ್ನ ಹೆಮ್ಮೆಯಾಗಿತ್ತು, ಮುಂದೆ ಅದೇ ನನ್ನ ಮಾನ ಕಳೆಯಿತು.

ನನ್ನ ಅಣ್ಣನ ಮಗ ಲೆಯಾರ್ಕೊಗೆ ಅಕಾರ್ಡಿಯನ್ ಅಂದರೆ ಮುದುಕರ ಕೆಮ್ಮು. ಅವನು ರಿಚ್ಚೋನೆಯ ಗುಡ್ಡದ ಮೇಲಿನ ಡಿಸ್ಕೊದಲ್ಲಿ ಭಾನುವಾರ ಮಧ್ಯಾಹ್ನ ರೆಕಾರ್ಡು ಹಾಕುತ್ತಿದ್ದ. ಶಾಲೆ ಕಲಿಯುವ ಮಕ್ಕಳು ಕುಣಿಯುವುದು ಆಗಲೇ. ಮನೆಯಲ್ಲಿ ಊಟ ಮುಗಿಸಿ, ಮೊಪೆಡ್ ಏರಿ ಗುಡ್ಡ ಹತ್ತಿ, ಬೆವರು ಹರಿಯುವಷ್ಟು ಕುಣಿದು, ಸಂಜೆಯ ಊಟಕ್ಕೆ ಏನೂ ಗೊತ್ತಿಲ್ಲದವರ ಹಾಗೆ ಮನೆಗೆ ಬಂದು ಕೂರುತ್ತಾರೆ. ಉಳಿದ ದಿನಗಳಲ್ಲಿ ಲೆಯಾರ್ಕೊ ನಮ್ಮಣ್ಣನ ಟ್ರ್ಯಾಕ್ಟರ್ ನಿಲ್ಲುತ್ತಿದ್ದ ಶೆಡ್ಡಿನಲ್ಲಿ ಸಂಗೀತ ತಯಾರಿಸುತ್ತಿದ್ದ. ಎರಡು ಕೀಬೋರ್ಡು, ತಾಳ ಹೊಡೆಯುವ ಒಂದು ಯಂತ್ರ. ಎಡ್ಮೊ ಆ ಯಂತ್ರಕ್ಕೆ ಬಟ್ಟೆ ಒಗೆಯುವ ಮಿಷನ್ನು ಅಂತ ಹೆಸರಿಟ್ಟಿದ್ದ.

ಒಂದು ದಿನ ಲೆಯಾರ್ಕೊ ಬಂದು, ಅಮೆರಿಕದ ರೆಕಾರ್ಡುಗಳಲ್ಲಿರುವಂಥ ಛಾವಣಿ ಹಾರಿಸುವ ಹೆಣ್ಣುದನಿ ಬೇಕು, ಊರೆಲ್ಲ ಹುಡುಕಿದೆ, ಸಿಗುವುದೆಲ್ಲ ಬರೀ ಬೆಕ್ಕಿನ ದನಿ ಅಂದ. ಹಾಡಿನ ಮಾತನ್ನು ಶಾಲೆಯ ಡಿಕ್ಷನರಿ ಮುಂದಿಟ್ಟುಕೊಂಡು ಇಂಗ್ಲಿಷಿನಲ್ಲಿ ತಾನೇ ಬರೆದಿದ್ದ. ಅರ್ಥ ಕೇಳಿದೆ. ನಿನ್ನ ಎದೆಗೆ ಕಿಟಕಿ ಇಡು, ಸಮುದ್ರವನ್ನು ಮುಚ್ಚಬೇಡ. ಸಮುದ್ರವನ್ನು ಮುಚ್ಚುವವರು ಯಾರೋ ಎಂದು ಕೇಳಿದರೆ, ಇಂಗ್ಲಿಷಿನಲ್ಲಿ ಎಲ್ಲ ನಡೆಯುತ್ತದೆ ಅತ್ತೆ, ನೀನು ಹಾಡು ಅಂದ. ಚಪ್ಪಲಿ ಬಿಟ್ಟು, ಟ್ರ್ಯಾಕ್ಟರಿನ ಎಣ್ಣೆ ಚೆಲ್ಲಿದ್ದ ನೆಲದ ಮೇಲೆ ನಿಂತು ಹಾಡಿದೆ. ಕುಣಿಯುವವರು ಯಾರೂ ಇಲ್ಲವಲ್ಲ, ಯಾರ ಕಾಲು ನೋಡಲಿ? ಲೆಯಾರ್ಕೊನ ಕಾಲನ್ನೇ ನೋಡಿದೆ. ಅವನ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು. ಹಾಡು ಗೆಲ್ಲುತ್ತದೆ ಅಂತ ನನಗೆ ಅಲ್ಲೇ ಗೊತ್ತಾಯಿತು.

ಗೆದ್ದಿತು ಕೂಡ. ತಂಡಕ್ಕೆ ಶಿರೋಕ್ಕೊ ಅಂತ ಹೆಸರಿಟ್ಟ. ನಮ್ಮ ಸಮುದ್ರದ ಮೇಲಿಂದ ಬಂದು ತಲೆ ಕೆಡಿಸುವ ಬಿಸಿಗಾಳಿಯ ಹೆಸರು ಅದು. ರೆಕಾರ್ಡು ಕೈಗೆ ಬಂದಾಗ ಆಸೆಯಿಂದ ತಿರುಗಿಸಿ ನೋಡಿದೆ. ಮುಂದೆ ಒಬ್ಬ ಎತ್ತರದ ಹುಡುಗಿ, ಬೆಳ್ಳಿಯ ಬಣ್ಣದ ಉಡುಪು, ಬಾಯಿ ತೆರೆದು ಹಾಡುತ್ತಿದ್ದಾಳೆ. ಹಿಂದೆ ಲೆಯಾರ್ಕೊನ ಹೆಸರು, ಸ್ಟುಡಿಯೊದ ಹೆಸರು, ಚಿತ್ರ ತೆಗೆದವನ ಹೆಸರು, ಆ ಹುಡುಗಿಯ ಕೂದಲು ಬಾಚಿದವಳ ಹೆಸರೂ ಇತ್ತು. ನನ್ನದಿಲ್ಲ.

ಈ ದಂಧೆಯಲ್ಲಿ ಪದ್ಧತಿಯೇ ಹಾಗೆ. ಹಾಡುವವಳು ಒಬ್ಬಳು, ತುಟಿ ಆಡಿಸುವವಳು ಇನ್ನೊಬ್ಬಳು. ಮಿಲಾನಿನ ರೆಕಾರ್ಡು ಕಂಪನಿಯವರಿಗೂ ಗೊತ್ತು, ಟೀವಿಯವರಿಗೂ ಗೊತ್ತು, ಯಾರಿಗೂ ಅದೊಂದು ಮೋಸ ಅನ್ನಿಸುವುದಿಲ್ಲ. ಲೆಯಾರ್ಕೊ ನನ್ನನ್ನು ಕೂರಿಸಿಕೊಂಡು ಮಗುವಿಗೆ ಹೇಳುವ ಹಾಗೆ ಹೇಳಿದ.

"ಅತ್ತೆ, ಹಾಡಿಗೊಂದು ಮುಖ ಬೇಕಾಗುತ್ತೆ."

"ನನ್ನ ಕತ್ತಿನ ಮೇಲಿರೋದೇನೋ, ಕುಂಬಳಕಾಯಾ?"

ಅವನು ಒಂದು ಸಲ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಅಷ್ಟೇ. ಆ ನೋಟ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಮನೆಗೆ ಬಂದು ಎಡ್ಮೊನ ಮೇಲೆ ರೇಗಿದೆ. ಪಾಪ, ಅವನು ಏನೂ ಮಾಡಿರಲಿಲ್ಲ.

ಆ ಹುಡುಗಿಯ ಹೆಸರು ಮೊರೆನಾ. ಅವಳನ್ನು ದ್ವೇಷಿಸಬೇಕು ಅಂತ ನಾನು ನಿರ್ಧಾರ ಮಾಡಿಕೊಂಡಿದ್ದೆ. ಹಾಡು ಫ್ರಾನ್ಸ್, ಜರ್ಮನಿಗಳಿಗೂ ಹೋಗಿ, ಅಲ್ಲಿಯ ಟೀವಿಯವರು ಅವಳ ಬಾಯನ್ನೇ ಹತ್ತಿರದಿಂದ ತೋರಿಸಿದಾಗ ತುಟಿ ಒಂದು ಕಡೆ, ದನಿ ಒಂದು ಕಡೆ ಆಗಿತ್ತಂತೆ. ಅದಾದ ವಾರವೇ ಅವಳು ನಮ್ಮ ಬಾಗಿಲು ತಟ್ಟಿದಳು. ಲೆಯಾರ್ಕೊ ಕಳಿಸಿರಲಿಲ್ಲ, ತಾನಾಗಿಯೇ ಬಂದಿದ್ದಳು. "ಸಿನ್ಯೋರಾ, ನೀವು ಹಾಡೋವಾಗ ನಿಮ್ಮ ಬಾಯಿ ನೋಡ್ಬೇಕು" ಅಂದಳು. ಮಾತು ಕೇಳಿ ನಾನು ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದೆ, ನಗು ತಡೆಯಲು. ಅಷ್ಟು ಚೆಲುವಾದ ಮುಖದಿಂದ ತುಕ್ಕು ಹಿಡಿದ ಬಾವಿರಾಟೆಯ ಸದ್ದು ಬಂದಿತ್ತು. ಚಿಕ್ಕಂದಿನಿಂದ ಅಪ್ಪನ ಜೊತೆ ಬಿಸಿಲಿನಲ್ಲಿ ಮರಳ ಮೇಲೆ ತೆಂಗಿನಕಾಯಿ ಹೋಳು ಮಾರುತ್ತ ಕೂಗಿ ಕೂಗಿ ಗಂಟಲು ಒಡೆದುಹೋಗಿತ್ತಂತೆ. ಜನರ ಮುಂದೆ ತುಟಿ ಬಿಚ್ಚಬಾರದು, ಯಾರು ಏನು ಕೇಳಿದರೂ ನಗುತ್ತಿರಬೇಕು ಅಂತ ಲೆಯಾರ್ಕೊ ಕಟ್ಟಪ್ಪಣೆ ಮಾಡಿದ್ದ. ಪತ್ರಿಕೆಗಳು ಅವಳನ್ನು ನಿಗೂಢ ಸುಂದರಿ ಅಂತ ಬರೆದವು.

ವಾರಕ್ಕೊಮ್ಮೆ ಬರತೊಡಗಿದಳು. ನಾನು ಮೇಜಿನ ಈಚೆ ಕೂತು ಮಾಂಸದ ಹೂರಣ ತುಂಬಿದ ಕಪ್ಪೆಲ್ಲೆತ್ತಿ ಕಡುಬು ಮಡಿಸುತ್ತ ಹಾಡುತ್ತಿದ್ದೆ. ಅವಳು ಆಚೆ ಕೂತು ನನ್ನ ಬಾಯಿ, ಗಂಟಲು, ಭುಜ ನೋಡುತ್ತಿದ್ದಳು. ಎಲ್ಲಿ ಉಸಿರು ಎಳೆಯುತ್ತೇನೆ, ಯಾವ ಅಕ್ಷರಕ್ಕೆ ಗದ್ದ ಮೇಲೇಳುತ್ತದೆ, ಎಲ್ಲವನ್ನೂ ಕಲಿತಳು. ಮೂರು ತಿಂಗಳಲ್ಲಿ ರೆಕಾರ್ಡು ಹಾಕಿದರೆ ನನ್ನ ದನಿ ಅವಳ ಬಾಯಿಂದಲೇ ಹೊರಟಂತೆ ಕಾಣುತ್ತಿತ್ತು. ನೋಡಿ ನನಗೇ ಮೈ ಜುಮ್ಮೆಂದಿತು. ದ್ವೇಷಿಸುವ ನಿರ್ಧಾರ ಅಷ್ಟರಲ್ಲಿ ಎಲ್ಲಿಗೋ ಹೋಗಿತ್ತು. ಹುಡುಗಿ ಕಪ್ಪೆಲ್ಲೆತ್ತಿಯನ್ನು ನನಗಿಂತ ಅಚ್ಚುಕಟ್ಟಾಗಿ ಮಡಿಸುತ್ತಿದ್ದಳು, ನಮ್ಮ ಎಡ್ಮೊನ ಹಳಸಲು ಜೋಕುಗಳಿಗೆಲ್ಲ ತನ್ನ ಬಾವಿರಾಟೆ ದನಿಯಲ್ಲಿ ನಗುತ್ತಿದ್ದಳು. ಅಂಥವಳನ್ನು ಹೇಗೆ ದ್ವೇಷಿಸುವುದು?

ಆಮೇಲೆ ಲಂಡನ್ನಿನಿಂದ ಕರೆ ಬಂತು. ಅಲ್ಲಿಯ ದೊಡ್ಡ ಟೀವಿ ಕಾರ್ಯಕ್ರಮ. ಆದರೆ ಒಂದು ನಿಯಮ, ಹಾಡುವವರು ಕ್ಯಾಮೆರಾದ ಮುಂದೆ ನಿಂತು ಸ್ವಂತ ದನಿಯಲ್ಲೇ ಹಾಡಬೇಕು. ಲೆಯಾರ್ಕೊ ಇದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಮ್ಮಲ್ಲಿ ನಿಯಮ ಅಂದರೆ ಮಾತುಕತೆ ಶುರು ಮಾಡಲು ಒಂದು ನೆಪ. ಊರಿನ ಒಣಗಿಸಿದ ಹಂದಿತೊಡೆ ಒಂದು, ಗಾಲಿಯಷ್ಟು ದೊಡ್ಡ ಚೀಸ್ ಗಡ್ಡೆ ಒಂದು ಕಟ್ಟಿಕೊಂಡ. ಅದಕ್ಕೂ ಜಗ್ಗದಿದ್ದರೆ ಇರಲಿ ಅಂತ ನನ್ನನ್ನೂ ಕರೆದುಕೊಂಡ. ಪರದೆಯ ಹಿಂದೆ ನಿಂತು ನೀನು ಹಾಡು, ಮುಂದೆ ಮೊರೆನಾ ನಿಲ್ಲುತ್ತಾಳೆ ಅಂದ. ನಾನು ಒಪ್ಪಿದೆ. ಒಪ್ಪಿಯೂ, ಯಾರಿಗೂ ಹೇಳದೆ, ಬಲೇರಾದಲ್ಲಿ ತೊಡುವ ನೀಲಿ ಮಿಂಚಿನ ಉಡುಪನ್ನು ಪೆಟ್ಟಿಗೆಯ ಅಡಿಯಲ್ಲಿ ಇಟ್ಟುಕೊಂಡೆ.

ಅಲ್ಲಿಯ ವ್ಯವಸ್ಥೆ ನೋಡಿಕೊಳ್ಳುವ ಹೆಂಗಸು ಹಂದಿತೊಡೆಯನ್ನು ಸಂತೋಷದಿಂದ ತೆಗೆದುಕೊಂಡಳು, ಥ್ಯಾಂಕ್ಸ್ ಹೇಳಿದಳು, ಆಮೇಲೆ ಅದೇ ನಿಯಮವನ್ನು ಇನ್ನೊಮ್ಮೆ ಹೇಳಿದಳು. ಚೀಸನ್ನೂ ತೆಗೆದುಕೊಂಡಳು, ಮತ್ತೆ ಅದೇ ಮಾತು. ಲೆಯಾರ್ಕೊ ಪರದೆಯ ವಿಷಯ ತೆಗೆದ. ಪರದೆ ಇಲ್ಲ ಅಂದಳು. ಹೊಗೆ ಬಿಡಬಹುದಲ್ಲ, ಹೊಗೆಯ ಹಿಂದೆ ನಿಲ್ಲಿಸೋಣ ಅಂದ. ಅವಳು ಗಡಿಯಾರ ನೋಡಿಕೊಂಡಳು. ನನ್ನ ಸೋದರಳಿಯನ ಮುಖ ಹಾಗೆ ಬಿಳಿಚಿಕೊಂಡದ್ದನ್ನು ಅವನ ಬಾಲ್ಯದಲ್ಲೂ ನಾನು ಕಂಡಿರಲಿಲ್ಲ. ತಿನ್ನುವುದನ್ನೆಲ್ಲ ತೆಗೆದುಕೊಂಡೂ ನಿಯಮ ಬಿಡದವರನ್ನು ಅವನು ಜೀವನದಲ್ಲೇ ಮೊದಲ ಸಲ ನೋಡುತ್ತಿದ್ದ.

ನಾನು ಉಡುಪು ಬದಲಿಸಿ ಬಂದೆ. ಅವನು ತಲೆಯ ಮೇಲೆ ಕೈ ಹೊತ್ತ.

"ಅತ್ತೆ, ಬೇಜಾರ್ ಮಾಡ್ಕೋಬೇಡ. ನೀನು ಮುಂದೆ ನಿಂತ್ರೆ ಹಾಡು ಸತ್ತುಹೋಗುತ್ತೆ."

ಸಿಟ್ಟು ಬರಬೇಕಿತ್ತು. ಬರಲಿಲ್ಲ, ಭಯವಾಯಿತು. ಯಾಕೆಂದರೆ ಒಳಗೊಳಗೇ ನಾನೂ ಅದನ್ನೇ ನಂಬಿದ್ದೆ. ಕಲ್ಲಂಗಡಿ ಅಂಗಡಿಯವಳ ಹತ್ತಿರ ಒಂದು ದಿನವೂ, ಅದು ನನ್ನ ದನಿ ಕಣೇ, ಅಂತ ಬಾಯಿಬಿಟ್ಟು ಹೇಳದೆ ಇದ್ದದ್ದು ಯಾಕೆ? ಅವಳು ನನ್ನ ಸೊಂಟ, ನನ್ನ ಗದ್ದ ನೋಡಿ ನಗುತ್ತಾಳೆ ಅಂತಲೇ. ಆಗ ಮೊರೆನಾ ಲೆಯಾರ್ಕೊನನ್ನು ಪಕ್ಕಕ್ಕೆ ಸರಿಸಿ ಮೈಕನ್ನು ನನ್ನ ಕೈಗಿಟ್ಟಳು. "ಹಾಡು ಇವಳ್ದು. ನಾನು ಪಕ್ಕದಲ್ ಕುಣೀತೀನಿ. ನೀನು ಹೋಗಿ ನಿನ್ನ ಕೀಬೋರ್ಡ್ ಹತ್ರ ನಿಂತ್ಕೋ" ಅಂದಳು. ಆವತ್ತಿನಿಂದ ನಾನು ಅವಳಿಗೆ ಸಿನ್ಯೋರಾ ಅಲ್ಲ, ನಿವೆಸ್.

ಹಾಡಿದೆ. ಇಂಗ್ಲಿಷ್ ಮಕ್ಕಳು ಮೊದಲು ಕಣ್ಣು ಬಿಟ್ಟುಕೊಂಡು ನಿಂತರು. ನಾನು ಕಾಲು ನೋಡಿದೆ. ಮುಂದಿನ ಸಾಲಿನಲ್ಲಿ ಒಬ್ಬಳ ದಪ್ಪ ಬೂಟು ಅಲುಗಿತು. ಆ ಬೂಟಿಗೇ ಹಾಡಿದೆ. ಆಮೇಲೆ ಅದರ ಪಕ್ಕದ ಬೂಟು. ಮುಗಿಯುವಷ್ಟರಲ್ಲಿ ನೆಲ ನಡುಗುತ್ತಿತ್ತು. ಹಂದಿತೊಡೆ ತೆಗೆದುಕೊಂಡಿದ್ದ ಹೆಂಗಸೂ ಕುಣಿಯುತ್ತಿದ್ದಳು. ಮುಂದಿನ ವಾರ ಹಾಡು ಅವರ ಜನಪ್ರಿಯ ಹಾಡುಗಳ ಪಟ್ಟಿಯ ನೆತ್ತಿಗೇರಿತು. ವಿಮಾನದಲ್ಲಿ ಬರುವಾಗ ಲೆಯಾರ್ಕೊ ನನ್ನ ಪಕ್ಕ ಕೂತು, ನೀನು ನಿಂತರೆ ಕೆಲಸ ಆಗುತ್ತದೆ ಅಂತ ತನಗೆ ಮೊದಲಿನಿಂದಲೂ ಅನ್ನಿಸಿತ್ತು ಅಂದ. ಮೊರೆನಾ ನಿದ್ದೆ ಬಂದವಳ ಹಾಗೆ ನಟಿಸುತ್ತ ನನ್ನ ಕಾಲು ತುಳಿದಳು.

ಅವನ ಆ ಹುಮ್ಮಸ್ಸನ್ನು ನಾನು ಸುಮ್ಮನೆ ಬಿಡಲಿಲ್ಲ. ಹೊಸ ರೆಕಾರ್ಡಿನ ಮೇಲೆ ನನ್ನ ಹೆಸರು ಬರಬೇಕು, ದೊಡ್ಡ ಅಕ್ಷರದಲ್ಲಿ ಅಂದೆ. ಇಟಲಿಯವರು ಒಪ್ಪಿದರೆ ಖಂಡಿತ ಹಾಕಿಸುತ್ತೇನೆ ಅಂದ. ಒಪ್ಪದೆ ಏನು, ನಾನು ಈ ಮಣ್ಣಿನವಳು ಅಂದುಕೊಂಡೆ.

ಆಗಸ್ಟಿನಲ್ಲಿ ಒಂದು ಪಟ್ಟಣದ ಚೌಕದಲ್ಲಿ ಟೀವಿಯವರ ಬೇಸಿಗೆ ಕಾರ್ಯಕ್ರಮ. ಇಟಲಿಯ ಟೀವಿಯಲ್ಲಿ ಯಾರೂ ನಿಜವಾಗಿ ಹಾಡುವುದಿಲ್ಲ. ಎಂಥ ದೊಡ್ಡ ಗಾಯಕನಾದರೂ ರೆಕಾರ್ಡು ಹಾಡುತ್ತದೆ, ಅವನು ಬಾಯಿ ಆಡಿಸುತ್ತಾನೆ. ನನ್ನ ಕೈಗೂ ಸತ್ತ ಮೈಕೊಂದನ್ನು ಕೊಟ್ಟರು. ನನ್ನ ದನಿಗೆ ನಾನೇ ತುಟಿ ಆಡಿಸುವುದರಲ್ಲಿ ಏನು ಮಹಾ ಅಂತ ಹತ್ತಿದೆ. ಮುಂದೆ ಒಂದು ಜೋಡಿ ತುಂಬ ಚೆನ್ನಾಗಿ ಕುಣಿಯುತ್ತಿತ್ತು. ಅವರ ಕಾಲು ನೋಡಿ ನಾನು ಚರಣವನ್ನು ಎಳೆದೆ, ರೆಕಾರ್ಡು ಎಳೆಯಲಿಲ್ಲ. ನಾನು ಬಾಯಿ ಮುಚ್ಚಿದೆ, ರೆಕಾರ್ಡು ಹಾಡಿತು. ಹಿಡಿಯಲು ಹೋದಷ್ಟೂ ತಪ್ಪಿತು. ಪಕ್ಕದಲ್ಲಿ ಕುಣಿಯುತ್ತಿದ್ದ ಮೊರೆನಾಳ ತುಟಿ ಮಾತ್ರ, ಪಾಪ, ಅಭ್ಯಾಸಬಲದಿಂದ ಒಂದೊಂದು ಅಕ್ಷರಕ್ಕೂ ಸರಿಯಾಗಿ ಆಡುತ್ತಿತ್ತು. ಕ್ಯಾಮೆರಾ ಅದನ್ನೂ ಹಿಡಿಯಿತು.

ಆ ವಾರದ ಪತ್ರಿಕೆಯಲ್ಲಿ ನಮ್ಮಿಬ್ಬರ ಚಿತ್ರ ಅಕ್ಕಪಕ್ಕ. ಬಾಯಿ ಆಡಿಸಲೂ ಬಾರದ ಈ ಹೆಂಗಸು ಯಾರು, ನಿಜವಾದ ಹಾಡುಗಾರ್ತಿಯನ್ನು ಪಕ್ಕಕ್ಕೆ ತಳ್ಳಿ ಮುಂದೆ ನಿಂತದ್ದು ಹೇಗೆ ಅಂತ ಬರೆದಿದ್ದರು. ಸಂಗೀತ ಮಾಡಿದ ಹುಡುಗನ ಅತ್ತೆಯಂತೆ ಅಂತಲೂ ಸೇರಿಸಿದ್ದರು. ಲಂಡನ್ನಿನಲ್ಲಿ ಹಾಡಿದೆನಲ್ಲ ಅಂದರೆ, ಟೀವಿಯಲ್ಲಿ ಯಾರಾದರೂ ನಿಜವಾಗಿ ಹಾಡುತ್ತಾರಾ ಅಂತ ನಕ್ಕರು. ಇಡೀ ದೇಶ ತನ್ನ ಅನುಭವದಿಂದಲೇ ಅಳೆಯಿತು. ಬಲೇರಾದಲ್ಲಿ ಎಡ್ಮೊ ನನ್ನ ಹೆಸರು ಕೂಗಿದಾಗ ಹಿಂದಿನಿಂದ ಯಾರೋ ತುಟಿ ಪಟಪಟ ಬಡಿದು ಅಣಕಿಸಿದರು. ಎಡ್ಮೊ ಅಕಾರ್ಡಿಯನ್ ಕೆಳಗಿಟ್ಟು ಅವನನ್ನು ಹುಡುಕಿಕೊಂಡು ಹೋದ. ಹಣ್ಣಿನಂಗಡಿಯವಳು ನನ್ನ ಕೈ ಹಿಡಿದು, ಹೋಗಲಿ ಬಿಡು, ಎಲ್ಲರಿಗೂ ಆಸೆ ಇರುತ್ತದೆ ಅಂದಳು. ಮನೆಗೆ ಬಂದು ಅತ್ತುಬಿಟ್ಟೆ. ನನ್ನ ದನಿಯನ್ನು ನಾನೇ ಕದ್ದೆ ಅನ್ನುತ್ತಿದ್ದರು.

ಮಿಲಾನಿನ ರೆಕಾರ್ಡು ಕಂಪನಿಯವರು ಲೆಯಾರ್ಕೊಗೆ ತಾಕೀತು ಮಾಡಿದರು. ಅತ್ತೆ ಮನೆಯಲ್ಲಿರಲಿ, ಹೊಸ ರೆಕಾರ್ಡಿನ ಮೇಲೆ ಮೊರೆನಾಳ ಚಿತ್ರ, ಮೊರೆನಾಳ ಹೆಸರು. ಭಾನುವಾರ ಮಧ್ಯಾಹ್ನ ಗುಡ್ಡದ ಡಿಸ್ಕೊದಲ್ಲಿ ಅವಳೊಬ್ಬಳೇ ನಿಂತು ರೆಕಾರ್ಡಿಗೆ ತುಟಿ ಆಡಿಸಬೇಕು, ನಮ್ಮ ತೀರದ ರೇಡಿಯೊ ಅಲ್ಲಿಂದಲೇ ನೇರ ಪ್ರಸಾರ ಮಾಡುತ್ತದೆ, ಆಮೇಲೆ ಊರ ಬಾಯಿ ತಾನಾಗಿ ಮುಚ್ಚುತ್ತದೆ. ಲೆಯಾರ್ಕೊ ಬಂದು ಇದನ್ನು ಹೇಳುವಾಗ ನನ್ನ ಕಣ್ಣು ತಪ್ಪಿಸಿ ನಮ್ಮ ಫ್ರಿಜ್ಜಿನ ಕಡೆ ನೋಡುತ್ತಿದ್ದ. ಒಂದು ಸಲ ರೇಡಿಯೊದಲ್ಲಿ ಆ ಹೆಸರು ಹೋದರೆ, ಆಮೇಲೆ ನಾನು ಸಾಯುವವರೆಗೆ ಹಾಡಿದರೂ ಆ ದನಿ ಮೊರೆನಾಳದ್ದೇ. ಅದು ಅವನಿಗೂ ಗೊತ್ತಿತ್ತು.

ನಾನು ಮನೆಯಲ್ಲಿರಲಿಲ್ಲ. ಎಡ್ಮೊ ಕಾರಿನಲ್ಲಿ ಗುಡ್ಡ ಹತ್ತಿಸಿದ. ಬಾಗಿಲಲ್ಲಿ ನಿಂತಿದ್ದ ದಾಂಡಿಗ ಮರ್ಯಾದೆಯಿಂದಲೇ, ಮಗಳನ್ನು ಕರೆದೊಯ್ಯಲು ಬಂದಿರಾ, ಆರು ಗಂಟೆಯವರೆಗೆ ಬಿಡುವುದಿಲ್ಲ ಅಂದ. ಎಡ್ಮೊ ಅವನಿಗೆ ಅಕಾರ್ಡಿಯನ್ನಿನ ಚರಿತ್ರೆ ಹೇಳಲು ಶುರು ಮಾಡಿದ. ಆ ಸಂದಿಯಲ್ಲಿ ನಾನು ಒಳಗೆ ನುಗ್ಗಿದೆ.

ಒಳಗೆ ಸಾವಿರಾರು ಮಕ್ಕಳು. ರೇಡಿಯೊದ ನಿರೂಪಕ ಮೈಕು ಹಿಡಿದು ಮೊರೆನಾಳ ಹೆಸರು ಕೂಗಿಸುತ್ತಿದ್ದ. ಅವಳು ಬೆಳ್ಳಿಯ ಉಡುಪಿನಲ್ಲಿ ಮೇಲೆ ನಿಂತಿದ್ದಳು, ಮುಖದಲ್ಲಿ ನಗುವಿರಲಿಲ್ಲ. ಗುಂಪಿನ ನಡುವೆ ನನ್ನ ನೀಲಿ ಮಿಂಚು ಕಂಡಳು. ಕಂಡವಳೇ ತಿರುಗಿ ರೆಕಾರ್ಡು ಹಾಕುವ ಕಟ್ಟೆಯ ಹತ್ತಿರ ಹೋಗಿ ಲೆಯಾರ್ಕೊನ ಕಿವಿಯಲ್ಲಿ ಏನೋ ಹೇಳಿದಳು. ಕುಣಿತದ ರೆಕಾರ್ಡಿಗೆ ಎರಡು ಮುಖ, ಒಂದರಲ್ಲಿ ಹಾಡು, ಇನ್ನೊಂದರಲ್ಲಿ ದನಿಯಿಲ್ಲದ ಬರೀ ವಾದ್ಯ. ವಾದ್ಯದ ಮುಖ ಹಾಕು ಅಂದಿದ್ದಳು. ಅವನು ಆಗದು ಅಂತ ತಲೆ ಅಲ್ಲಾಡಿಸಿದ. ಆಮೇಲೆ ಅವಳು ಹೇಳಿದ್ದನ್ನು ನಾನು ಹತ್ತಿರ ಬಂದಿದ್ದರಿಂದ ಕೇಳಿಸಿಕೊಂಡೆ.

"ಹಾಕ್ದಿದ್ರೆ ನಾನು ಮೈಕ್ ತಗೊಂಡು ಮಾತಾಡ್ತೀನಿ. ರೇಡಿಯೊದಲ್ಲಿ."

ಲೆಯಾರ್ಕೊ ರೆಕಾರ್ಡನ್ನು ತಿರುವಿ ಹಾಕಿದ. ಹಾಕಿದ ಮೇಲೆ ನನ್ನ ಕಡೆ ನೋಡಿದ. ಚಿಕ್ಕವನಿದ್ದಾಗ ಗಾಜು ಒಡೆದು ಹೀಗೇ ನೋಡುತ್ತಿದ್ದ. ನಾನು ಮೆಟ್ಟಿಲು ಹತ್ತಿದೆ.

ಮೊದಲು ಶಿಳ್ಳೆ. ಅಜ್ಜಿ, ಮನೆಗೆ ಹೋಗು ಅಂತ ಒಬ್ಬ. ತುಟಿ ಪಟಪಟ ಬಡಿಯುವವರು ಇಬ್ಬರು ಮೂವರು. ಈ ಸಲ ಕೈಯಲ್ಲಿದ್ದದ್ದು ಜೀವವಿದ್ದ ಮೈಕು. ನಾನು ಮುಖಗಳನ್ನು ನೋಡಲಿಲ್ಲ. ಉಸಿರೆಳೆದು ಮೊದಲ ಸಾಲು ಬಿಟ್ಟೆ. ದನಿ ಗುಡ್ಡದ ಆಚೆಯ ಕಣಿವೆಗೆ ಬಡಿದು ವಾಪಸು ಬಂತು ಅನ್ನಿಸಿತು. ಶಿಳ್ಳೆ ನಿಂತಿತು. ಕಾಲುಗಳು ಹೊರಟವು. ಬಿಳಿ ಬೂಟು, ಹರಿದ ಬೂಟು, ಅಕ್ಕನಿಂದ ಕೇಳಿ ಹಾಕಿಕೊಂಡು ಬಂದ ಎತ್ತರದ ಹಿಮ್ಮಡಿ, ಎಲ್ಲವೂ. ನಾನು ಎಳೆದಲ್ಲಿ ಎಳೆದವು, ತಡೆದಲ್ಲಿ ತಡೆದವು. ಮೊರೆನಾ ನನ್ನ ಪಕ್ಕದಲ್ಲಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಹುಚ್ಚಿಯ ಹಾಗೆ ಕುಣಿದಳು.

ಅಷ್ಟರಲ್ಲಿ ರೆಕಾರ್ಡು ಮುಗಿಯಿತು. ಸೂಜಿ ಕೊನೆಯ ಗೆರೆಯಲ್ಲಿ ಗರಗರ ಅಂದಿತು. ಲೆಯಾರ್ಕೊನ ಕೈ ಗಾಳಿಯಲ್ಲೇ ನಿಂತಿತ್ತು. ಆದರೆ ಒಂದು ಕಾಲೂ ನಿಂತಿರಲಿಲ್ಲ. ಕಾಲು ನಿಲ್ಲದೆ ನಾನು ಹೇಗೆ ನಿಲ್ಲಿಸಲಿ? ಮುಂದುವರಿದೆ. ತಾಳದ ಯಂತ್ರವಿಲ್ಲ, ಕೀಬೋರ್ಡಿಲ್ಲ, ನನ್ನದೊಂದೇ ದನಿ. ತಾಳಕ್ಕೆ ಅವರ ಕಾಲು ಬಂದವು, ಆಮೇಲೆ ಚಪ್ಪಾಳೆ ಬಂತು. ಪಲ್ಲವಿಯನ್ನು ಒಂದು ಸಲ ಮೇಲಿನ ಸ್ವರದಲ್ಲಿ ಎತ್ತಿದೆ, ರೆಕಾರ್ಡಿನಲ್ಲಿ ಎಲ್ಲಿಯೂ ಇಲ್ಲದ ಹಾಗೆ. ನಿರೂಪಕ ರೇಡಿಯೊ ಕೇಳುವವರಿಗೆ, ರೆಕಾರ್ಡು ನಿಂತುಹೋಗಿದೆ, ಹೆಂಗಸು ನಿಂತಿಲ್ಲ ಅಂತ ಕೂಗುತ್ತಿದ್ದ. ತೀರದ ಕೊಡೆಗಳ ಕೆಳಗೆ ಮಲಗಿದ್ದವರೂ ಎದ್ದು ಕೂತರಂತೆ. ಹಣ್ಣಿನಂಗಡಿಯವಳು ಗಿರಾಕಿಯನ್ನು ಬಿಟ್ಟು ರೇಡಿಯೊಗೆ ಕಿವಿ ಹಚ್ಚಿ ಅತ್ತಳಂತೆ. ಆಮೇಲೆ ಅವಳು ಅದನ್ನು ಒಪ್ಪಿಕೊಳ್ಳಲಿಲ್ಲ.

ಹೊಸ ರೆಕಾರ್ಡಿನ ಮೇಲೆ ನನ್ನ ಹೆಸರು ಬಂತು, ದೊಡ್ಡ ಅಕ್ಷರದಲ್ಲಿ. ಅದಾದ ಮೇಲೆ ಶಿರೋಕ್ಕೊ ಇನ್ನೂ ಎಷ್ಟೋ ಹಾಡು ಮಾಡಿತು. ಹೆಲ್ಸಿಂಕಿಯಿಂದ ಟೋಕಿಯೊವರೆಗೆ ಆ ನೀಲಿ ಉಡುಪು ತೊಟ್ಟು ಹಾಡಿದೆ, ಎಡ್ಮೊ ಎಲ್ಲ ಕಡೆಯೂ ಊಟ ಸರಿಯಿಲ್ಲ ಅಂತ ಗೊಣಗಿದ. ಆದರೆ ಹೆಸರನ್ನು ನಾನು ಗೆದ್ದದ್ದು ಅಚ್ಚಿನಲ್ಲಿ ಅಲ್ಲ. ಆ ಭಾನುವಾರವೇ, ನಿರೂಪಕ ಓಡಿಬಂದು, ಅಭ್ಯಾಸದಂತೆ, ನನ್ನನ್ನು ದಾಟಿ ಮೊರೆನಾಳ ಬಾಯಿಗೆ ಮೈಕು ಹಿಡಿದನಲ್ಲ, ಆಗ. ಇಷ್ಟಕ್ಕೂ ಶಿರೋಕ್ಕೊದ ದನಿ ಯಾರದು ಅಂತ ಕೇಳಿದ. ಕಟ್ಟೆಯ ಹಿಂದಿನಿಂದ ಲೆಯಾರ್ಕೊ ಎರಡು ಬೆರಳಿನಿಂದ ತನ್ನ ಬಾಯಿಯ ತುದಿಗಳನ್ನು ಮೇಲೆಳೆದು ತೋರಿಸಿದ, ನಗು, ಬರೀ ನಗು ಅಂತ. ಮೊರೆನಾ ನಗಲಿಲ್ಲ.

"ನಾನು ಬೀಚಲ್ಲಿ ತೆಂಗಿನಕಾಯಿ ಮಾರ್ತಿದ್ದೋಳು" ಅಂದಳು. "ನಂಗೆ ಹಾಡಕ್ಕೆ ಬರಲ್ಲ. ಕೇಳಿ, ನನ್ನ ದನಿ ಇದು. ನೀವು ಇಷ್ಟ್ ದಿನ ಕೇಳಿದ್ದೆಲ್ಲ ಇವಳ್ದು. ನಿವೆಸ್ ಮಂಬೆಲ್ಲಿ."

ಆ ಬಾವಿರಾಟೆಯ ಸದ್ದು ಕೇಳಿ ಸಭೆಯಲ್ಲಿ ನಗು ಎದ್ದಿತು. ಅಣಕದ ನಗುವಲ್ಲ, ತಮ್ಮ ಮನೆಯವಳನ್ನು ಗುರುತು ಹಿಡಿದವರ ನಗು. ಅವಳ ದನಿಗೂ ಚಪ್ಪಾಳೆ ಬಿತ್ತು, ಆಮೇಲೆ ನನ್ನ ಹೆಸರು ಶುರುವಾಯಿತು. ಮೊದಲು ಮುಂದಿನ ಸಾಲು, ಆಮೇಲೆ ಎಲ್ಲರೂ, ಕಾಲಿನ ತಾಳಕ್ಕೆ, ನಿವೆಸ್, ನಿವೆಸ್ ಅಂತ. ನಾನು ಹಾಡೋಣ ಅಂತ ಬಾಯಿ ತೆರೆದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಎದುರಿಗೆ ಜನ ಕುಣಿಯುತ್ತಿದ್ದರೂ ದನಿ ಹೊರಡಲಿಲ್ಲ. ಮೊರೆನಾ ನನ್ನ ಮುಖ ನೋಡಿದಳು, ಅರ್ಥವಾಯಿತು ಅವಳಿಗೆ. ಮೈಕನ್ನು ಕಸಿದುಕೊಂಡು ತನ್ನ ಒಡಕು ದನಿಯಲ್ಲಿ ತಾನೇ ಪಲ್ಲವಿ ಎತ್ತಿದಳು. ಶ್ರುತಿ ಒಂದಿಷ್ಟೂ ಇರಲಿಲ್ಲ, ಒಬ್ಬರೂ ಕುಣಿತ ನಿಲ್ಲಿಸಲಿಲ್ಲ. ನಾನು ಅವಳ ಸೊಂಟ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ, ಬರೀ ತುಟಿ ಆಡಿಸಿದೆ.